ತೋಳದ ಎರಡನೆಯ ಗಿಣ್ಣು

ಯಂಜಿಮಾಳ ಗುಡಾರಕ್ಕೆ ಬಂದವರು ಮೊದಲು ನೋಡುತ್ತಿದ್ದುದು ಅವಳ ಮುಖವನ್ನಲ್ಲ, ಪಡುವಣ ಗೋಡೆಗೆ ತೂಗುಹಾಕಿದ್ದ ತೋಳದ ಚರ್ಮವನ್ನು. ಮೂತಿ ಸೂರಿನ ಗಳುಗಳಿಗೆ ತಾಗುತ್ತಿತ್ತು, ಬಾಲ ನೆಲಕ್ಕೆ ಬಿದ್ದು ಒಂದು ಸುತ್ತು ಸುತ್ತಿಕೊಂಡಿತ್ತು. ಬಂದವರು ಚಹಾದ ಬಟ್ಟಲು ಹಿಡಿದು ಬಾಯಿ ತೆರೆದರೆ ಸಾಕು, ಯಂಜಿಮಾ ಕಥೆ ಶುರುಮಾಡುತ್ತಿದ್ದಳು.

ಆ ಪ್ರಾಣಿಯ ಹೆಸರೆತ್ತಬಾರದು, ಬಯಲ ನಾಯಿ ಎನ್ನಬೇಕು ಎಂದು ಅವಳ ಅಜ್ಜಿ ಹೇಳಿಕೊಟ್ಟಿದ್ದಳು. ಹೆಸರೆತ್ತಿದಷ್ಟೂ ಅದು ಬೆಳೆಯುತ್ತದಂತೆ. ಹೆಸರೆತ್ತದೆಯೂ ಅದು ಯಂಜಿಮಾಳ ಬಾಯಲ್ಲಿ ಬೆಳೆದೇ ಬೆಳೆಯಿತು. ಮೊದಲ ಚಳಿಗಾಲ ಕಾವಲು ನಾಯಿಯ ಒಂದೂವರೆಯಷ್ಟಿತ್ತು. ಮರುವರ್ಷ ಚಮರೀಮೃಗದ ಕರುವಿನಷ್ಟಾಯಿತು. ಮೂರನೆಯ ವರ್ಷ ಒಂಟೆಯ ಮರಿಯ ಬೆನ್ನು ಮುಟ್ಟಿತು.

"ನಮ್ಮೋರು ಒಬ್ಬರೇ ಎತ್ತಿ ಕುದುರೆ ಮೇಲೆ ಹಾಕ್ಕೊಂಡು ಬಂದ್ರು" ಎಂದು ಅವಳು ಮುಗಿಸುವ ಹೊತ್ತಿಗೆ ಗಂಡ ನಮ್ಜಿಲ್‌ಗೆ ಹೊರಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ನಾಚಿಕೆಯ ಮನುಷ್ಯ ಎಂದು ಅವಳು ಒಳಗೊಳಗೇ ಬೀಗುತ್ತಿದ್ದಳು. ಅವನ ಕೊರಳಲ್ಲಿ ಆ ತೋಳದ ಹಿಂಗಾಲಿನ ಗಿಣ್ಣುಮೂಳೆ ತೊಗಲಿನ ದಾರದಲ್ಲಿ ತೂಗುತ್ತಿತ್ತು. ಗಂಡಸರು ಅದೃಷ್ಟಕ್ಕೆಂದು ಕಟ್ಟಿಕೊಳ್ಳುವ ಮೂಳೆ ಅದು. ಊರ ಗಂಡಸರ ಕೊರಳಲ್ಲಿದ್ದ ಗಿಣ್ಣುಗಳೆಲ್ಲ ಅದರ ಪಕ್ಕದಲ್ಲಿ ಬಟಾಣಿ. ಹಿಂಗಾಲು ಎರಡಾದ ಮೇಲೆ ಗಿಣ್ಣೂ ಎರಡಿರಬೇಕಲ್ಲ, ಇನ್ನೊಂದೆಲ್ಲಿ ಎಂದು ಅವಳು ಆಗಲೇ ಕೇಳಿದ್ದಳು. "ನಾಯಿ ಕಚ್ಚಿಕೊಂಡು ಹೋಯ್ತು" ಎಂದಿದ್ದ. ಅವಳು ನಂಬಿದ್ದಳು. ನಾಯಿಗೆ ಎರಡು ಏಟನ್ನೂ ಹಾಕಿದ್ದಳು.

ಆ ವಸಂತದಲ್ಲಿ ಮೇಕೆಗಳ ಮೈ ಬಾಚಿ ಒಳಗಿನ ನವಿರು ತುಪ್ಪಟ ತೆಗೆಯುವ ಕೆಲಸಕ್ಕೆ ಪಕ್ಕದ ಕಣಿವೆಯ ಸಾರ್ನೈ ಬಂದಳು. ಮೂರು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವಳು, ಯಂಜಿಮಾಳಿಗಿಂತ ಆರು ವರ್ಷ ಚಿಕ್ಕವಳು. ಚಳಿಗಾಲದ ಸಂಜೆಗಳಲ್ಲಿ ಬಾಗಿಲ ಬಳಿ ಕೂತು ಚರ್ಮದ ಕಥೆ ಕೇಳಿಹೋಗುತ್ತಿದ್ದವಳೂ ಹೌದು. ಬಿಸಿಲು ಏರಿದಾಗ ನಿಲುವಂಗಿಯ ಕತ್ತಿನ ಗುಂಡಿ ಬಿಚ್ಚಿ, ಮೇಕೆಯ ಕೊಂಬು ಹಿಡಿದು ಬಗ್ಗಿದಳು. ಕೊರಳಿನಿಂದ ತೊಗಲಿನ ದಾರವೊಂದು ಜಾರಿ ಹೊರಗೆ ಬಂತು. ಅದರ ತುದಿಯಲ್ಲಿ ಗಿಣ್ಣುಮೂಳೆ. ಹೆಬ್ಬೆರಳಿಗಿಂತ ದಪ್ಪ.

ಯಂಜಿಮಾಳ ಕೈಯ ಬಾಚಣಿಗೆ ಮೇಕೆಯ ಚರ್ಮಕ್ಕೇ ಚುಚ್ಚಿತು. ಮೇಕೆ ಅರಚಿತು.

"ಅಕ್ಕಾ, ಮೆಲ್ಲಗೆ! ಅದರ ಪ್ರಾಣ ಬಾಚ್ತಿದೀಯಲ್ಲ!" ಎಂದು ಸಾರ್ನೈ ನಕ್ಕು, ಮೂಳೆಯನ್ನು ಸರಕ್ಕನೆ ಒಳಗೆ ಸೇರಿಸಿಕೊಂಡಳು.

ಆ ಸರಕ್ಕನೆಯೇ ಯಂಜಿಮಾಳನ್ನು ಸುಟ್ಟಿತು. ಮುಚ್ಚಿಡುವಂಥದ್ದಲ್ಲದಿದ್ದರೆ ಮುಚ್ಚಿಟ್ಟುಕೊಳ್ಳುವುದೇಕೆ? ಹೆಂಗಸಿನ ಕೊರಳಿಗೆ ಗಂಡಸಿನ ಮೂಳೆಯೇಕೆ? ಅಂದಿನಿಂದ ಅವಳು ಕಂಡದ್ದೆಲ್ಲ ಸಾಕ್ಷಿಯಾಯಿತು. ಕಳೆದ ಶರತ್ಕಾಲದಲ್ಲಿ ನಮ್ಜಿಲ್ ಆ ಕಣಿವೆಗೆ ಹುಲ್ಲಿನ ಗಾಡಿ ಹೊಡೆದಿದ್ದ. ಅವಳ ಒಲೆಯ ಕೊಳವೆ ಬಗ್ಗಿದಾಗ ನೆಟ್ಟಗೆ ಮಾಡಿಕೊಟ್ಟಿದ್ದ. ನಮ್ಮನೆ ಕೊಳವೆ ಎರಡು ಚಳಿಗಾಲದಿಂದ ಹೊಗೆ ಕಾರುತ್ತಿಲ್ಲವೇ? ಉಪ್ಪು ಹಾಕಿ ಕಾಸುವ ಚಹಾಕ್ಕೆ ಆ ದಿನ ಎರಡು ಸಲ ಉಪ್ಪು ಬಿತ್ತು.

"ಇದೇನೇ, ಸಮುದ್ರಾನೇ ಕಾಸಿಟ್ಯಾ?" ಎಂದು ನಮ್ಜಿಲ್ ಮುಖ ಕಿವುಚಿದ.

"ಬೇಡವಾದ್ರೆ ಸಪ್ಪೆ ಚಹಾ ಕಾಸೋರ ಹತ್ರ ಹೋಗಿ."

"ಯಾರ ಹತ್ರ?"

"ನಿಮಗೇ ಗೊತ್ತು."

ಅವನಿಗೆ ಗೊತ್ತಾಗಲಿಲ್ಲ. ಕುಡಿದು ಎದ್ದುಹೋದ. ಅವನು ಮುಚ್ಚಿಡುತ್ತಿರುವ ರೀತಿ ಎಷ್ಟು ನುಣುಪು ಎಂದು ಅವಳು ಇನ್ನಷ್ಟು ಉರಿದಳು.

ಮಾರನೆಯ ಬೆಳಗ್ಗೆ ದಾರ ಸವೆದಿದೆ, ಹೊಸದು ಕಟ್ಟುತ್ತೇನೆ ಎಂದು ಅವನ ಕೊರಳ ಮೂಳೆ ಬಿಚ್ಚಿಸಿಕೊಂಡಳು. ಸಾರ್ನೈಯ ಕೊರಳಲ್ಲಿರುವುದು ಇದಕ್ಕೆ ಜೋಡಿಯಲ್ಲದಿದ್ದರೆ ಹನ್ನೆರಡು ವರ್ಷದ ಸಂಸಾರದ ಒಲೆ ಉಳಿಯುತ್ತದೆ, ಜೋಡಿಯಾದರೆ ಇವತ್ತೇ ತವರಿನ ದಾರಿ. ಹೀಗೆ ಲೆಕ್ಕ ಹಾಕಿ ಕುದುರೆ ಹತ್ತಿ ಗುಡ್ಡ ದಾಟಿದಳು.

ಸಾರ್ನೈ ಗುಡಾರದ ಮುಂದೆ ಸಗಣಿಬೆರಣಿ ಒಟ್ಟುತ್ತಿದ್ದಳು.

"ಬಾರಕ್ಕ, ನಾಯಿಗಳು ಸುಮ್ಮನಿವೆ, ಚಹಾ ಈಗಷ್ಟೇ..."

"ಚಹಾ ಆಮೇಲೆ. ಕೊರಳಲ್ಲಿರೋದನ್ನ ತೆಗಿ."

ಸಾರ್ನೈ ಅವಳ ಮುಖ ನೋಡಿದಳು, ಅಂಗೈಯಲ್ಲಿದ್ದ ಮೂಳೆ ನೋಡಿದಳು. ದಾರ ಬಿಚ್ಚಿ ಅದರ ಪಕ್ಕದಲ್ಲಿಟ್ಟಳು. ಒಂದು ಎಡಗಾಲಿನದು, ಇನ್ನೊಂದು ಬಲಗಾಲಿನದು. ಅವಳಿ ಮಕ್ಕಳ ಹಾಗೆ ಕೂತವು.

"ಎಷ್ಟು ದಿನದಿಂದ?" ಯಂಜಿಮಾ ಕೇಳಿದಳು.

"ಮೂರು ವರ್ಷದಿಂದ. ಅಯ್ಯೋ ಅಕ್ಕ, ನೀನಂದುಕೊಂಡ ಹಾಗಲ್ಲ! ನಿನ್ನ ಗಂಡನ್ನ ಇಟ್ಕೊಂಡು ನಾನೇನು ಮಾಡ್ಲಿ, ಆ ಗೊರಕೆ ಗುಡ್ಡದಾಚೆಗೂ ಕೇಳುತ್ತೆ!" ನಗಲು ಹೋದವಳು ಅರ್ಧದಲ್ಲೇ ನಿಂತಳು. "ಅದನ್ನ ಹೊಡೆದಿದ್ದು ನಾನು."

ಯಂಜಿಮಾ ಬೆರಣಿಯ ರಾಶಿಯ ಮೇಲೆಯೇ ಕುಸಿದು ಕೂತಳು.

"ನಮ್ಮೋರು ಹೋಗಿ ಮೂವತ್ತನೇ ದಿನ," ಸಾರ್ನೈ ತಗ್ಗಿದ ದನಿಯಲ್ಲಿ ಹೇಳಿದಳು. "ನಲವತ್ತೊಂಬತ್ತು ದಿನ ಮನೇಲಿ ಜೀವ ತೆಗೀಬಾರದು, ತೆಗೆದ್ರೆ ಹೋದೋರ ಆತ್ಮ ದಾರಿ ತಪ್ಪುತ್ತೆ, ನಿನಗೂ ಗೊತ್ತು. ಆವತ್ತು ಒಂದು ಕುದುರೆಮರಿ ತಪ್ಪಿಸಿಕೊಂಡಿತ್ತು. ಬರೀ ಹೆದರಿಸೋಕೆ ಅಂತ ಅವರ ಬಂದೂಕು ಹಿಡ್ಕೊಂಡು ಹುಡುಕ್ಕೊಂಡು ಹೋದೆ. ದಿಬ್ಬದ ಮೇಲೆ ನಿಂತಿತ್ತು. ಬೂದು ಬಣ್ಣ, ಎತ್ತರದ ಭುಜ. ಸಿಕ್ತಲ್ಲಪ್ಪ ಮರಿ ಅಂತ 'ಗುರೀ, ಗುರೀ' ಅಂತ ಕರೀತಾ ಹತ್ರ ಹೋದೆ."

"ಕರೆದ್ಯಾ? ಅದನ್ನ?"

"ಕರೆದೆ. ಇಪ್ಪತ್ತು ಹೆಜ್ಜೆ ಹತ್ರ ಹೋಗೋವರೆಗೂ ಕರೆದೆ. ನಾಯಿ ಜಾತಿ ಅಷ್ಟು ದೊಡ್ಡದಿರುತ್ತೆ ಅಂತ ಯಾರಿಗೆ ಗೊತ್ತಿತ್ತು? ಆಮೇಲೆ ಅದು ತಲೆ ತಿರುಗಿಸ್ತು. ನಿಜವಾದ ಮರಿ ಅದರ ಕಾಲ ಕೆಳಗಿತ್ತು."

ಬಂದೂಕು ತಾನಾಗಿ ಹಾರಿದಂತಾಯಿತು ಎಂದಳು. ಎತ್ತಲು ಹೋದರೆ ಮುಂಗಾಲಷ್ಟೇ ಮೇಲೆ ಬಂತು. ಎರಡು ಕೊಬ್ಬಿದ ಟಗರಿನ ಭಾರ. ಕುದುರೆ ವಾಸನೆಗೇ ಹಿಂದೆ ಹಿಂದೆ ಸರಿಯಿತು. ಬೆದರದಿರಲಿ ಎಂದು ಸೊಂಟದ ಪಟ್ಟಿ ಬಿಚ್ಚಿ ಕುದುರೆಯ ಕಣ್ಣು ಕಟ್ಟಿದಳು. ಅಷ್ಟರಲ್ಲಿ ಗುಂಡಿನ ಸದ್ದು ಕೇಳಿ ನಮ್ಜಿಲ್ ಬಂದ.

"ನೀನೇ ಹೊಡೆದೆ ಅಂತ ಹೇಳಣ್ಣ ಅಂತ ಕಾಲು ಹಿಡಿದೆ. ಅತ್ತೆಗೆ ಗೊತ್ತಾದ್ರೆ ಮಗ ದಾರಿ ತಪ್ಪಿದ ಅಂತ ಸಾಯೋವರೆಗೂ ಅಳ್ತಿದ್ರು. ಬೇಟೆ ಜೀನಿಗೆ ಕಟ್ಟೋ ಮುಂಚೆ ಬಂದೋರಿಗೆ ಪಾಲು ಕೊಡಬೇಕಲ್ಲ, ಚರ್ಮ ಅವನ ಪಾಲು, ಒಂದು ಗಿಣ್ಣೂ ಅವನಿಗೆ. ಇನ್ನೊಂದು ನಾನಿಟ್ಟುಕೊಂಡೆ. ಅತ್ತೆ ಇನ್ನೂ ಬದುಕಿದಾರೆ ಅಕ್ಕ. ಹೆಂಡ್ತಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡವಳು ನಾನೇ."

ವಾಪಸು ಗುಡ್ಡ ಹತ್ತುವಾಗ ಯಂಜಿಮಾಳ ಎದೆಯ ಕಲ್ಲು ಇಳಿದಿರಬೇಕಿತ್ತು. ಇಳಿದಿತ್ತು ಕೂಡ. ಆದರೆ ಅದಿದ್ದ ಜಾಗದಲ್ಲಿ ಇನ್ನೇನೋ ಬಂದು ಕೂತಿತ್ತು. ಗಂಡನನ್ನು ಕದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇದಕ್ಕೇನು ಮಾಡುವುದು? ಮೂರು ಚಳಿಗಾಲ ಬಾಗಿಲ ಬಳಿ ಕೂತ ಆ ಹೆಣ್ಣಿಗೇ ಅವಳದೇ ಬೇಟೆಯ ಕಥೆಯನ್ನು ತಾನು ಕೈಯಾಡಿಸಿ ಆಡಿಸಿ ಹೇಳಿದ್ದಳಲ್ಲ! ಅವಳು ತುಟಿ ಎರಡು ಮಾಡದೆ ಕೇಳಿದ್ದಳಲ್ಲ! ಇಬ್ಬರ ನಡುವೆ ಮೂರು ವರ್ಷ ಉಳಿದ ಗುಟ್ಟು ಅರ್ಧ ಸಂಸಾರವಲ್ಲವೇ? ಮತ್ತೆ ಆ ದಿಬ್ಬ, ಆ ಬೂದು ಭುಜ, ಇಪ್ಪತ್ತು ಹೆಜ್ಜೆ. ಬಾಲ್ಯವಿಡೀ ಅಜ್ಜಿಯ ಮಗ್ಗುಲಲ್ಲಿ ಮಲಗಿ ಆ ಬಯಲ ನಾಯಿಗಾಗಿ ಕಾದವಳು ತಾನು. ಅದು ಹೋಗಿ ನಿಂತದ್ದು ಸಾರ್ನೈಯ ಎದುರಿಗೆ.

ಹೊಸ ದಾರ ಕಟ್ಟಿ ಮೂಳೆಯನ್ನು ಗಂಡನ ಕೊರಳಿಗೆ ಹಾಕುವಾಗ "ನಾಯಿಗೆ ಸುಮ್ಮನೆ ಹೊಡೆದೆ" ಎಂದಳು. ನಮ್ಜಿಲ್ ಮೂಳೆಯನ್ನು ಅಂಗಿಯೊಳಗೆ ಸೇರಿಸಿಕೊಂಡ. "ಹೌದು" ಎಂದ, ಅಷ್ಟೇ.

ವಾರ ಕಳೆದು ನೆರೆಯ ಗುಡಾರದ ಲುವ್ಸನ್ ಅಜ್ಜ ದೂರದ ಇಬ್ಬರು ನೆಂಟರನ್ನು ಕರೆತಂದ. ಬಾಚಣಿಗೆ ಹಿಂದಿರುಗಿಸಲು ಬಂದ ಸಾರ್ನೈ ಎಂದಿನಂತೆ ಬಾಗಿಲ ಬಳಿ ಕೂತಿದ್ದಳು.

"ಹೇಳಮ್ಮ ಸೊಸೆ, ಈ ವರ್ಷ ಎಷ್ಟು ಬೆಳೆದಿದೆ ನಿನ್ನ ಬಯಲ ನಾಯಿ? ಆನೆ ಆಯ್ತಾ?" ಎಂದು ಅಜ್ಜ ಕಣ್ಣು ಮಿಟುಕಿಸಿದ.

ನಮ್ಜಿಲ್ ಎದ್ದ. ಆದರೆ ಹೊಸ್ತಿಲಲ್ಲೇ ನಿಂತ.

"ಕುದುರೆಮರಿಯಷ್ಟು," ಎಂದಳು ಯಂಜಿಮಾ. "ಮರಿಯೇ ಅಂದುಕೊಂಡು 'ಗುರೀ, ಗುರೀ' ಅಂತ ಕರೀತಾ ಹತ್ರ ಹೋಗಿದ್ದಂತೆ. ಎತ್ತೋಕೆ ಇಬ್ಬರು ಬೇಕಾಯ್ತು."

ಸಾರ್ನೈಯ ಬಟ್ಟಲು ತುಟಿಯ ಬಳಿ ನಿಂತಿತು.

"ಇಬ್ಬರಾ? ಹೋದ ವರ್ಷ ಒಬ್ಬನೇ ಎತ್ತಿದ್ನಲ್ಲ!"

"ಹೋದ ವರ್ಷ ಸುಳ್ಳು ಹೇಳಿದ್ದೆ ಅಜ್ಜ."

"ಇನ್ನೊಬ್ಬ ಯಾರು ಹಾಗಾದ್ರೆ?"

"ದಾರೀಲಿ ಬಂದೋರು. ಜೀನಿಗೆ ಕಟ್ಟೋ ಮುಂಚೆ ಬಂದೋರಿಗೆ ಪಾಲು ಕೊಡೋದು ಪದ್ಧತಿ ತಾನೇ? ಕೊಟ್ಟಾಯ್ತು. ಅದು ಇಲ್ಲೇ ತೂಗ್ತಿದೆ ನೋಡಿ" ಎಂದು ಚರ್ಮದ ಕಡೆ ಗದ್ದ ತೋರಿಸಿದಳು. ಒಗಟಿನ ಮಾತೆಂದು ನೆಂಟರು ನಕ್ಕರು. ಅಜ್ಜ ಮಾತ್ರ ಚರ್ಮ ನೋಡಿ, ನಮ್ಜಿಲ್‌ನ ಮುಖ ನೋಡಿ, ನಶ್ಯದ ಕುಪ್ಪಿ ತೆಗೆದ.

"ಬಾಗಿಲಲ್ಲಿ ಗಾಳಿ ಬೀಸ್ತಿದೆ. ಮೇಲೆ ಬಂದು ಕೂತ್ಕೋ" ಎಂದು ಯಂಜಿಮಾ ಸಾರ್ನೈಗೆ ನೆಂಟರ ಸಾಲಿನಲ್ಲೇ ಚಾಪೆ ಸರಿಸಿದಳು.

ಅವಳ ಬಟ್ಟಲಿಗೆ ಚಹಾ ಹೊಯ್ಯುವಾಗ ದಪ್ಪ ಕೆನೆಯೊಂದು ಸೌಟಿನ ಅಂಚಿಗೆ ಬಂತು. ಯಂಜಿಮಾ ಅದನ್ನು ಪಾತ್ರೆಗೇ ಹಿಂದಕ್ಕೆ ತಳ್ಳಿದಳು. ಬಟ್ಟಲು ತುಂಬಿತು. ಆಮೇಲೆ ಹಲ್ಲು ಕಚ್ಚಿ, ಮತ್ತೆ ಸೌಟು ಅದ್ದಿ, ಆ ಕೆನೆಯನ್ನೇ ಹುಡುಕಿ ತೆಗೆದು ಅವಳ ಬಟ್ಟಲಿಗೆ ಹಾಕಿದಳು.