ದೇರಪ್ಪನ ಜ್ವರ, ಚಿಕ್ಕವ್ವನ ಕಡಂಬುಟ್ಟು

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ಓಡಿ ಬರುವವರು ಯಾರು ಹೇಳಿ? ಡಾಕ್ಟರ್ ಅಲ್ಲ, ನೆಂಟರು!

ಬಾಳೆಲೆ ಊರಿನ ಬೊಳ್ಳಮ್ಮನ ಮನೆಯಲ್ಲೂ ಹಾಗೇ ಆಯಿತು. ಆಗ ಕೊಡಗಿನಲ್ಲಿ ಬ್ರಿಟಿಷರ ಆಳ್ವಿಕೆ. ಬೊಳ್ಳಮ್ಮನ ಒಬ್ಬನೇ ಮಗ ದೇರಪ್ಪ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಆಟಿ ತಿಂಗಳ ಮುಂಗಾರು ಮಳೆ ಇನ್ನೂ ಹಿಡಿದು ಹೊಡೆಯುತ್ತಿದ್ದಾಗ ಅವನಿಗೆ ಜ್ವರ ಶುರುವಾಯಿತು. ಕ್ವಿನೈನ್ ನುಂಗಿಸಿದರು, ಇಳಿಯಲಿಲ್ಲ. ಕಷಾಯ ಕುಡಿಸಿದರು, ಇಳಿಯಲಿಲ್ಲ. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿದರು, ಮಂಚದ ಕೆಳಗೆ ಕೆಂಡ ಇಟ್ಟರು. ಒಕ್ಕದ, ಅಂದರೆ ಒಂದೇ ಮನೆತನದ ಅಣ್ಣತಮ್ಮಂದಿರು, ಅವರ ಹೆಂಡಿರು, ಮಕ್ಕಳು ಎಲ್ಲರೂ ಸಾಲಾಗಿ ಬಂದು ದೇರಪ್ಪನ ಹಣೆ ಮುಟ್ಟಿ ನಿಟ್ಟುಸಿರು ಬಿಟ್ಟು, ಅಲ್ಲೇ ಕೂತು ಕಾಫಿ ಕುಡಿದರು. ನೋಡಲು ಬಾರದಿದ್ದರೆ ಮರ್ಯಾದೆ ಅಲ್ಲವಲ್ಲ!

ಗೋಣಿಕೊಪ್ಪಲಿನಿಂದ ಬಂದ ಡಾಕ್ಟರ್ ಮಾತ್ರ ಕಾಫಿ ಮುಟ್ಟಲಿಲ್ಲ.

"ಇದು ಮಲೇರಿಯ ಅಲ್ಲ, ಟೈಫಾಯ್ಡ್. ಇದನ್ನ ಇಳಿಸೋ ಮದ್ದು ನನ್ನ ಹತ್ರ ಇಲ್ಲ. ಯಾರ ಹತ್ರಾನೂ ಇಲ್ಲ. ಚೆನ್ನಾಗಿ ನೋಡಿಕೊಂಡ್ರೆ ಉಳೀತಾನೆ. ನರ್ಸ್ ಒಬ್ಬಳನ್ನ ಕಳಿಸ್ತೇನೆ."

ಬೊಳ್ಳಮ್ಮ ಮಗನ ಮಂಚಕ್ಕೆ ಇನ್ನೂ ಹತ್ತಿರ ಸರಿದು ಕೂತಳು. ಮದ್ದೇ ಇಲ್ಲದ ಮೇಲೆ ಆ ನರ್ಸ್ ಬಂದು ಎಂತ ಮಾಡುತ್ತಾಳೆ? ನೋಡಿಕೊಳ್ಳಲು ಹೆತ್ತ ತಾಯಿ ತಾನಿಲ್ಲವೇ?

ಮರುದಿನ ನರ್ಸ್ ಬಂದಳು. ಹೆಸರು ಯಮುನ, ಶ್ರೀಮಂಗಲದ ಹುಡುಗಿ, ಮದ್ರಾಸಿನಲ್ಲಿ ನರ್ಸಿಂಗ್ ಕಲಿತವಳು. ಮೈತುಂಬ ಬಿಳಿ ಸೀರೆ. ಸಾವಿನ ಮನೆಗೆ ಉಡುವ ಬಿಳಿ ಸೀರೆ ತನ್ನ ಮಗನ ಕೋಣೆಗೆ ನಡೆದು ಬಂದಂತೆ ಕಂಡು ಬೊಳ್ಳಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಬೇರೆ ಬಣ್ಣದ್ದು ಇರ್ಲಿಲ್ವಾ ನಿಂಗೆ?"

"ಬಿಳೀದ್ರಲ್ಲಿ ಕೊಳೆ ಅಡಗಲ್ಲ ಅಮ್ಮ. ಅದಕ್ಕೇ ಉಡೋದು," ಎಂದು ಯಮುನ ನಕ್ಕಳು. "ಸ್ವಲ್ಪ ದಾರಿ ಬಿಡ್ತೀರಾ?"

ಒಳಗೆ ಹೋದವಳು ಮೊದಲು ಕಿಟಕಿ ತೆರೆದಳು. ಕೆಂಡ ಹೊರಗೆ ಹಾಕಿಸಿದಳು. ಆಮೇಲೆ ನೆಂಟರನ್ನೂ!

"ಎಲ್ರೂ ಜಗಲಿಗೆ ಹೋಗಿ. ಹೋಗೋ ಮೊದ್ಲು ಸೋಪು ಹಾಕಿ ಕೈ ತೊಳೀರಿ."

"ಎಂತದು ಇದು? ನಮ್ಮ ಮನೇಲಿ ನಮ್ಮನ್ನೇ ಓಡಿಸೋದಾ?" ಎಂದು ಎದ್ದವಳು ಬೊಳ್ಳಮ್ಮನ ತಂಗಿ ತಂಗಮ್ಮ. ಆಕೆಯ ಗಂಟಲು ಗದ್ದೆಯ ಆಚೆ ಬದಿಗೂ ಕೇಳುತ್ತಿತ್ತು. "ಅಕ್ಕ, ನೀನು ಬಾಯಿ ಮುಚ್ಕೊಂಡು ನಿಂತಿದ್ದೀಯಲ್ಲ!"

ಬೊಳ್ಳಮ್ಮ ತಂಗಿಯನ್ನು ಜಗಲಿಗೆ ಕರೆದೊಯ್ದಳು. ನರ್ಸಮ್ಮನನ್ನು ಎದುರು ಹಾಕಿಕೊಳ್ಳಲು ಭಯ. ಮಗ ಕಣ್ಣು ಮುಚ್ಚಿ ಏನೇನೋ ಬಡಬಡಿಸುತ್ತಿದ್ದ.

ಅಂದಿನಿಂದ ಬೊಳ್ಳಮ್ಮ ಬಾಗಿಲ ಬಳಿ ಕೂತು ನರ್ಸಮ್ಮನ ಕೈಯನ್ನೇ ನೋಡತೊಡಗಿದಳು. ಯಮುನ ಒದ್ದೆ ಬಟ್ಟೆಯಲ್ಲಿ ದೇರಪ್ಪನ ಮೈ ಒರೆಸುತ್ತಿದ್ದಳು. ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸುತ್ತಿದ್ದಳು. ಒಣಗಿದ ನಾಲಿಗೆಯನ್ನು ಮೆಲ್ಲಗೆ ತೊಳೆಯುತ್ತಿದ್ದಳು. ಮಣಿಕಟ್ಟು ಹಿಡಿದು ನಾಡಿ ಎಣಿಸಿ ಬರೆದಿಡುತ್ತಿದ್ದಳು. ಅವನ ಮಲಮೂತ್ರಕ್ಕೆ ಸುಣ್ಣ ಬೆರೆಸಿ, ಬಾವಿಯಿಂದ ದೂರ ಗುಂಡಿ ತೋಡಿಸಿ ಹೂಳಿಸುತ್ತಿದ್ದಳು. ಮನೆಯವರಿಗೆಲ್ಲ ಕುದಿಸಿದ ನೀರೇ ಕುಡಿಯಲು ಹೇಳಿದ್ದಳು.

ಒಮ್ಮೆ ಬೊಳ್ಳಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು. "ಕಂಡೋರ ಹೊಲಸು ಬಾಚೋಕೆ ನಿಂಗೆ ಅಸಹ್ಯ ಆಗಲ್ವಾ? ಇದಕ್ಕೆ ಮದ್ರಾಸಿಗೆ ಬೇರೆ ಹೋಗಿ ಕಲೀಬೇಕಾ?"

"ಹೊಲಸಲ್ಲೇ ರೋಗ ಇರೋದು ಅಮ್ಮ. ಅದು ನಿಮ್ಮ ಬಾವಿಗೆ ಹೋದ್ರೆ ನಾಳೆ ಎಸ್ಟೇಟಿನ ಕೂಲಿ ಲೈನಿನ ಮಕ್ಕಳೂ ಜ್ವರ ಬಂದು ಮಲಗ್ತವೆ." ಯಮುನ ಕೈ ಉಜ್ಜಿ ತೊಳೆಯುತ್ತಲೇ ಹೇಳಿದಳು. "ಒಂದು ಕಥೆ ಹೇಳ್ತೇನೆ. ಎಂಬತ್ತು ವರ್ಷದ ಹಿಂದೆ ದೂರದ ದೇಶದಲ್ಲಿ ಯುದ್ಧ ಆಯ್ತು. ಗುಂಡು ಬಿದ್ದು ಸತ್ತೋರಿಗಿಂತ ಆಸ್ಪತ್ರೇಲಿ ಜ್ವರ, ಭೇದಿ ಬಂದು ಸತ್ತ ಸೋಲ್ಜರ್‌ಗಳೇ ಜಾಸ್ತಿ. ಫ್ಲಾರೆನ್ಸ್ ನೈಟಿಂಗೇಲ್ ಅಂತ ಒಬ್ರು ಅಲ್ಲಿಗೆ ಹೋಗಿ ರೋಗಿಗಳನ್ನ ನೋಡ್ಕೊಂಡ್ರು. ಚರಂಡಿ ತೊಳೆದು, ಗಾಳಿ ಬೆಳಕು ಬಿಟ್ಟ ಮೇಲೆ ಸಾವು ಇಳೀತು. ಅವರು ಅದನ್ನೆಲ್ಲ ಲೆಕ್ಕ ಹಾಕಿ ಸರ್ಕಾರಕ್ಕೆ ತೋರಿಸಿದ್ರು. ಆಮೇಲೆ ಲಂಡನ್ನಲ್ಲಿ ನರ್ಸ್‌ಗಳಿಗೆ ಶಾಲೆ ತೆಗೆದ್ರು. ಅಲ್ಲಿಂದ ಇದು ಒಂದು ಓದು ಆಯ್ತು."

"ಅಷ್ಟು ಓದಿ ನೀನು ಮಾಡೋದು ಇಷ್ಟೇನಾ? ಕಿಟಕಿ ತೆಗ್ದೆ, ಮೈ ಒರೆಸ್ದೆ!"

"ವಾಸಿ ಮಾಡ್ಕೊಳ್ಳೋದು ಅವರ ಮೈಯೇ ಅಮ್ಮ. ಅದಕ್ಕೆ ಒಳ್ಳೆ ಗಾಳಿ, ನೀರು, ನಿದ್ದೆ, ಹೊತ್ತಿಗೆ ಸರಿಯಾದ ಆಹಾರ ಕೊಟ್ಟು, ಅಡ್ಡ ಬರೋದನ್ನೆಲ್ಲ ದೂರ ಇಡೋದು ನನ್ನ ಕೆಲಸ. ಕಣ್ಣು ಬಿಟ್ಟು ನೋಡ್ತಾ ಇರೋದೂ ನನ್ನ ಕೆಲಸ. ಈ ಜ್ವರದಲ್ಲಿ ಕರುಳೊಳಗೆ ಹುಣ್ಣು ಆಗ್ತದೆ. ಜ್ವರ ಇಳಿಯೋವಾಗ ಹಸಿವು ಜೋರು. ಆಗ ಗಟ್ಟಿ ತಿಂದ್ರೆ ಕರುಳು ತೂತಾಗ್ಬಹುದು. ಆಮೇಲೆ ಮಡಿಕೇರಿ ಆಸ್ಪತ್ರೆಗೆ ಹೊತ್ಕೊಂಡು ಹೋದ್ರೂ ಉಳಿಸೋದು ಕಷ್ಟ. ನಾನು ಹೇಳೋವರೆಗೆ ಹಾಲು, ಸೋಸಿದ ಗಂಜಿ ಅಷ್ಟೇ. ನೆನಪಿರ್ಲಿ."

ಬೊಳ್ಳಮ್ಮ ತಲೆಯಾಡಿಸಿದಳು. ಅರ್ಧ ನಂಬಿದಳು, ಅರ್ಧ ಇಲ್ಲ.

ಅಂತೂ ಜ್ವರ ಇಳಿಯತೊಡಗಿತು. ದೇರಪ್ಪ ಕಣ್ಣು ಬಿಟ್ಟ. ಬಿಟ್ಟವನೇ ಊಟ ಕೇಳಿದ.

"ಅವ್ವ, ಗಂಜಿ ಕುಡ್ದು ಕುಡ್ದು ನಾನೇ ಗಂಜಿ ಆಗಿಬಿಡ್ತೇನೆ. ಏನಾದ್ರೂ ಗಟ್ಟಿ ಕೊಡು."

ಅಷ್ಟರಲ್ಲಿ ಕೈಲುಮುಹೂರ್ತ ಬಂತು. ಕೋವಿ ಕತ್ತಿಗಳಿಗೆ ಹೂ ಮುಡಿಸಿ ಪೂಜೆ ಮಾಡುವ ಹಬ್ಬ. ಆ ದಿನ ಅಕ್ಕಿ ತರಿಯ ಗಟ್ಟಿ ಉಂಡೆ ಕಡಂಬುಟ್ಟು, ಹಂದಿ ಕರಿ ಇಲ್ಲದ ಮನೆ ಉಂಟೇ? ಬೊಳ್ಳಮ್ಮ ಈ ಸಲ ಒಲೆಯ ಮೇಲೆ ಗಂಜಿ ಬಿಟ್ಟು ಬೇರೇನೂ ಇಟ್ಟಿರಲಿಲ್ಲ. ಮಧ್ಯಾಹ್ನ ಯಮುನ ಸ್ನಾನಕ್ಕೆ ಹೋಗಿದ್ದ ಸಮಯ ನೋಡಿ ತಂಗಮ್ಮ ಬಾಳೆಲೆಯ ಪೊಟ್ಟಣ ಹಿಡಿದು ಹಿತ್ತಲ ಬಾಗಿಲಿನಿಂದ ಬಂದಳು. ಬಿಡಿಸಿದರೆ ಬಿಸಿಬಿಸಿ ಕಡಂಬುಟ್ಟು!

"ಬೇಡ ತಂಗಮ್ಮ, ನರ್ಸಮ್ಮ ಬೈತಾಳೆ."

"ಬೈಲಿ! ಹಬ್ಬದ ದಿನ ಕೋವಿಗೂ ಎಡೆ ಇಡ್ತೇವೆ, ಮನೆ ಮಗನಿಗೆ ಇಲ್ವಾ? ಅಪಶಕುನ ಅಕ್ಕ. ನೋಡು ಅವನ ಮುಖ. ಜ್ವರ ಬಿಟ್ರೂ ಹಸಿವೇ ಕೊಲ್ತದೆ."

ದೇರಪ್ಪ ಕೈ ಚಾಚಿದ. ಬೊಳ್ಳಮ್ಮನಿಗೆ ಅವನ ಮಣಿಕಟ್ಟಿನ ಎಲುಬು ಕಂಡಿತು. ಅಷ್ಟೇ ಸಾಕಾಯಿತು. ತಾನೇ ಒಂದು ಚೂರು ಮುರಿದು ಅವನ ಬಾಯಿಗೆ ಇಟ್ಟಳು. ಅವನು ಅಗಿಯದೆ ನುಂಗಿದ. ಇನ್ನೊಂದು ಚೂರಿಗೆ ಬಾಯಿ ತೆರೆದಾಗ ಅವಳ ಕೈ ಯಾಕೋ ನಿಂತಿತು. ಪೊಟ್ಟಣ ಮಡಚಿ ತಂಗಿಯ ಕೈಗೆ ತುರುಕಿದಳು.

ಸ್ವಲ್ಪ ಹೊತ್ತಿಗೆ ದೇರಪ್ಪ ಹೊಟ್ಟೆ ಹಿಡಿದುಕೊಂಡ.

"ಅವ್ವ... ನೋಯ್ತದೆ."

ಬೊಳ್ಳಮ್ಮ ಬಾಗಿಲ ಕಡೆ ತಿರುಗಿದಳು. ತಂಗಮ್ಮ ಅವಳ ತೋಳು ಹಿಡಿದು ಪಿಸುಗುಟ್ಟಿದಳು. "ಏನೂ ಹೇಳ್ಬೇಡ ಅಕ್ಕ. ಗಾಳಿ ಇರ್ಬೇಕು, ಹೋಗ್ತದೆ. ಹೇಳಿದ್ರೆ ಊರೆಲ್ಲ ನಮ್ಮನ್ನೇ ಆಡ್ಕೊಳ್ಳೋದು, ಮಗನಿಗೆ ತಾಯೇ ವಿಷ ಇಟ್ಲು ಅಂತ."

ಅಂಗಳದಲ್ಲಿ ಯಮುನಳ ಚಪ್ಪಲಿ ಸದ್ದು ಕೇಳಿತು. ಹೇಳಬೇಕೋ, ಬೇಡವೋ? ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ? ದೇರಪ್ಪ ಮತ್ತೆ ನರಳಿದ.

ಬೊಳ್ಳಮ್ಮ ತಂಗಿಯ ಕೈ ಕೊಡವಿ ಅಂಗಳಕ್ಕೆ ಓಡಿದಳು.

"ನರ್ಸಮ್ಮ, ನಾನು ಕಡಂಬುಟ್ಟು ಕೊಟ್ಟೆ! ಒಂದು ಚೂರು... ನಾನೇ ಕೊಟ್ಟೆ. ಅವನಿಗೆ ಹೊಟ್ಟೆ ನೋವು!"

ಯಮುನ ಬೈಯಲಿಲ್ಲ. "ಎಷ್ಟು? ಯಾವಾಗ? ವಾಂತಿ ಆಯ್ತಾ?" ಎಂದು ಕೇಳುತ್ತಲೇ ಒಳಗೆ ಹೋದಳು. ಕೈ ತೊಳೆದು ದೇರಪ್ಪನ ಹೊಟ್ಟೆಯ ಮೇಲೆ ಮೆಲ್ಲಗೆ ಕೈ ಇಟ್ಟಳು. ನಾಡಿ ಹಿಡಿದಳು, ಥರ್ಮಾಮೀಟರ್ ಇಟ್ಟಳು. "ಈಗ ಒಂದು ಹನಿ ನೀರೂ ಬೇಡ. ಅಲ್ಲಾಡದೆ ಮಲಗಲಿ. ಎಸ್ಟೇಟಿನ ಮೋಟಾರು ಕಳಿಸಿ ಡಾಕ್ಟರನ್ನ ಕರೆಸಿ. ಕರುಳು ತೂತಾದ್ರೆ ಹೊಟ್ಟೆ ಹಲಗೆ ಹಾಗೆ ಗಟ್ಟಿ ಆಗ್ತದೆ, ಇನ್ನೂ ಆಗಿಲ್ಲ. ಆಗ್ತದಾ ಅಂತ ನೋಡ್ತಾ ಇರ್ಬೇಕು."

ಆ ಸಂಜೆ ಮುಗಿಯುವಂತೆಯೇ ಇರಲಿಲ್ಲ. ಊರಿನಲ್ಲಿ ಹಬ್ಬದ ಕೋವಿ ಢಂ ಎಂದಾಗಲೆಲ್ಲ ಬೊಳ್ಳಮ್ಮ ಬೆಚ್ಚಿಬೀಳುತ್ತಿದ್ದಳು. ಯಮುನ ಮತ್ತೆ ಮತ್ತೆ ಹೊಟ್ಟೆ ಮುಟ್ಟುತ್ತಾಳೆ, ನಾಡಿ ಹಿಡಿಯುತ್ತಾಳೆ, ಬರೆಯುತ್ತಾಳೆ. ಆ ಮುಖದಲ್ಲಿ ಏನಾದರೂ ಕಾಣುತ್ತದೆಯೇ ಎಂದು ಬೊಳ್ಳಮ್ಮ ಹುಡುಕುತ್ತಾಳೆ, ಏನೂ ಕಾಣದು. ತಂಗಮ್ಮ ಮೂಲೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಾಳೆ.

ದೀಪ ಹಚ್ಚುವ ಹೊತ್ತಿಗೆ ಡಾಕ್ಟರ್ ಬಂದರು. ಯಮುನ ಬರೆದದ್ದನ್ನೆಲ್ಲ ಓದಿದರು, ಹೊಟ್ಟೆ ನೋಡಿದರು.

"ಹೊಟ್ಟೆ ಮೆತ್ತಗೇ ಉಂಟು. ನೋವೂ ಇಳೀತಾ ಇದೆ. ಕರುಳು ಉಳೀತು." ಆಮೇಲೆ ಬೊಳ್ಳಮ್ಮನ ಕಡೆ ತಿರುಗಿದರು. "ಒಂದೇ ಚೂರಿಗೆ ಕೈ ನಿಂತದ್ದು ನಿಮ್ಮ ಪುಣ್ಯ."

ಬೊಳ್ಳಮ್ಮ ನೆಲಕ್ಕೆ ಕುಸಿದು ಕೂತು ಅತ್ತಳು. ಯಮುನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳಿದಳು. "ತಪ್ಪು ಎಲ್ರೂ ಮಾಡ್ತಾರೆ ಅಮ್ಮ. ಮುಚ್ಚಿಟ್ಟಿದ್ರೆ ನಾನು ಏನೂ ಗೊತ್ತಿಲ್ದೆ ಸಂಜೆ ಗಂಜಿ ಕುಡಿಸ್ತಿದ್ದೆ. ನೀವು ಹೇಳಿದ್ರಲ್ಲ, ಅದೂ ಶುಶ್ರೂಷೆಯೇ."

ಮುಂದೆ ದೇರಪ್ಪ ಚೇತರಿಸಿಕೊಂಡ. ಗಂಜಿಯಿಂದ ಮೆತ್ತನೆ ಅನ್ನಕ್ಕೆ ಬಂದ, ಗೋಡೆ ಹಿಡಿದು ಜಗಲಿಯವರೆಗೆ ನಡೆದ. ಯಮುನ ಹೊರಡುವ ದಿನ ತಂಗಮ್ಮ ಗಂಟಲು ಸರಿಮಾಡಿಕೊಂಡು ಹತ್ತಿರ ಬಂದಳು.

"ನರ್ಸಮ್ಮ, ಆ ಮದ್ರಾಸಿನ ಶಾಲೇಲಿ ನಮ್ಮ ಕೊಡಗಿನ ಹುಡುಗೀರನ್ನ ಇನ್ನೂ ತಗೊಳ್ತಾರಾ? ನನ್ನ ಮಗಳಿದ್ದಾಳೆ. ದೊಡ್ಡೋರನ್ನೆಲ್ಲ ಮುಖ ನೋಡದೆ ಹೊರಗೆ ಕಳಿಸೋ ಧೈರ್ಯ ಅವಳಿಗೂ ಉಂಟು."

"ಅದು ನಿಮ್ಮಿಂದಲೇ ಬಂದಿರ್ಬೇಕು," ಎಂದಳು ಯಮುನ. ಬೊಳ್ಳಮ್ಮ ಎಷ್ಟೋ ದಿನಗಳ ಮೇಲೆ ಜೋರಾಗಿ ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ಈಗ ಟೈಫಾಯ್ಡಿಗೆ ಮದ್ದುಂಟು, ಲಸಿಕೆಯೂ ಉಂಟು. ಆದರೆ ರೋಗಿಯ ಪಕ್ಕ ಕಣ್ಣು ಬಿಟ್ಟು ನಿಲ್ಲುವವರು ಈಗಲೂ ನರ್ಸ್‌ಗಳೇ. ಆಸ್ಪತ್ರೆಗೆ ನೋಡಲು ಹೋದರೆ ಗುಂಪು ಕಟ್ಟಬೇಡಿ, ಕೈ ತೊಳೆದೇ ಮುಟ್ಟಿ. ಪ್ರೀತಿಯಿಂದ ಒಯ್ದ ತಿಂಡಿಯನ್ನು ನರ್ಸ್ ಹತ್ತಿರ ಕೇಳದೆ ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ? ನಾಚಿಕೆಪಡದೆ ಆಗಲೇ ಓಡಿಹೋಗಿ ಹೇಳಿ. ನಿಮ್ಮ ಮನೆಯಲ್ಲಿ ಮಗಳೋ ಮಗನೋ ನರ್ಸಿಂಗ್ ಓದುತ್ತೇನೆ ಎಂದರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಬಸ್ಸಿನವರೆಗೆ ಹೋಗಿ ಬಿಟ್ಟು ಬನ್ನಿ.