ಜೋಡಿ ಪೆನ್ನಿನ ನಳಿಗೆ

ಸವದತ್ತಿಯ ಭೂನ್ಯಾಯಮಂಡಳಿಯ ಮುಂದೆ ಕೆಂಪವ್ವ ಸಹಿ ಮಾಡಿ ತೋರಿಸಬೇಕಿತ್ತು. ಸಹಿ ತಾಳೆಯಾಗದಿದ್ದರೆ ಚಚಡಿಯ ನಾಲ್ಕೆಕರೆ ಹೊಲ ಕೈತಪ್ಪಿದಂತೆಯೇ. ಇಪ್ಪತ್ತು ವರ್ಷ ಅದನ್ನು ಗೇಣಿಗೆ ಉತ್ತವನು ಅವಳ ಗಂಡ ದುರ್ಗಪ್ಪ. ಅವನು ತೀರಿಕೊಂಡ ಮೇಲೆ, ಎಪ್ಪತ್ತಾರನೆಯ ಇಸವಿಯಲ್ಲಿ, ಉಳುವವನಿಗೇ ಹೊಲ ಎಂಬ ಕಾನೂನಿನಂತೆ ಅದು ತನ್ನ ಹೆಸರಿಗಾಗಲೆಂದು ಅವಳೇ ಅರ್ಜಿ ಹಾಕಿದಳು. ಹೊಲದ ಒಡೆಯ ಬಾಳಕೃಷ್ಣ ಮಂಡಳಿಯ ಮುಂದೆ ಏನು ಹೇಳಿದ ಗೊತ್ತೇ? ದುರ್ಗಪ್ಪ ಯಾರೋ ತನಗೆ ತಿಳಿಯದು, ಅವನು ತಮ್ಮ ಹೊಲ ಮಾಡಿಯೇ ಇಲ್ಲ, ಅರ್ಜಿಯ ಸಹಿಯೂ ಈ ಹೆಂಗಸಿನದಲ್ಲ. ಹೇಳುವಾಗ ಪುಣ್ಯಾತ್ಮನ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ.

"ಹಂಗಾದ್ರ ನಮ್ಮ ಮುಂದ ಸಹಿ ಮಾಡ್ಲಿ," ಎಂದು ಅಧಿಕಾರಿ ಎಂಟು ದಿನದ ವಾಯಿದೆ ಕೊಟ್ಟರು.

ಕೆಂಪವ್ವನಿಗೆ ಬರೆಯಲು ಬರುತ್ತಿದ್ದುದು ತನ್ನ ಹೆಸರೊಂದೇ. ಅದೂ ಎಡಗೈಯಿಂದ, ಅದೂ ಗಂಡ ಕಲಿಸಿದ ಅವನದೇ ಪೆನ್ನಿನಿಂದ. ಆ ನಿಬ್ಬು ಅವಳ ಕೈಗೆ ತಕ್ಕಂತೆ ಓರೆಯಾಗಿ ಸವೆದಿತ್ತು. ಬೇರೆ ಪೆನ್ನು ಹಿಡಿದರೆ ಕಾಗದ ಹರಿಯುತ್ತಿತ್ತು, ಬಾಲ್ ಪೆನ್ನು ಹಿಡಿದರೆ ಅಕ್ಷರ ಜಾರುತ್ತಿದ್ದವು. ಈಗ ನೋಡಿದರೆ ಪೆನ್ನಿನೊಳಗಿನ ಮಸಿ ಹೀರುವ ನಳಿಗೆ, ಅಂಗಡಿಯವರು ಕನ್ವರ್ಟರ್ ಎನ್ನುವುದು, ಉದ್ದಕ್ಕೂ ಸೀಳಿತ್ತು. ಮಸಿಯ ದೌತಿಯಲ್ಲಿ ಅದ್ದಿ ಬರೆದರೆ ಮೊದಲಕ್ಷರಕ್ಕೇ ಮಸಿ ಚೆಲ್ಲಿ ಹರಡುತ್ತಿತ್ತು.

ಬೈಲಹೊಂಗಲದಲ್ಲಿ ಸಿಕ್ಕ ನಳಿಗೆ ಒಳಗೇ ಹೋಗಲಿಲ್ಲ. ಕಿತ್ತೂರಿನದು ಸಡಿಲಾಗಿ, ಬಸ್ಸಿನಲ್ಲಿ ಮಸಿಯೆಲ್ಲ ಅವಳ ಸೆರಗಿಗೆ ಇಳಿಯಿತು. ಏಳನೆಯ ದಿನ ರಾಮದುರ್ಗದಲ್ಲಿ ಪೆನ್ನು ರಿಪೇರಿಯ ಪರಪ್ಪ ಅದನ್ನು ಬಿಚ್ಚಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

"ಯವ್ವಾ, ಇದು ಪುಣೇದ ಸಣ್ಣ ಕಾರಖಾನಿ ಮಾಲು. ಅದು ಮುಚ್ಚಿ ಹತ್ತು ವರ್ಷ ಆತು. ಬ್ಯಾರೇ ನಳಿಗಿ ಇದಕ್ಕ ಕೂಡೂದಿಲ್ಲ. ಇದರ ಜೋಡಿ ಒಂದ ಪೆನ್ನು ಕಂಡೇನಿ. ಹೋದ ತಿಂಗಳ ತೊಳದು ಕೊಟ್ಟೇನಿ."

"ಯಾರದ್ರೀ ಅದು?"

"ಚಚಡಿ ಬಾಳಕೃಷ್ಣ ಅವರದು."

ಕೆಂಪವ್ವನಿಗೆ ಗಂಡ ಹೇಳಿದ್ದು ನೆನಪಾಯಿತು. ಬಾಳಕೃಷ್ಣನ ತಂದೆ ಕೃಷ್ಣಾಜಿ ಪುಣೆಯಿಂದ ಒಂದೇ ಥರದ ಎರಡು ಪೆನ್ನು ತಂದು, ಒಂದನ್ನು ಮಗನಿಗೆ, ಇನ್ನೊಂದನ್ನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ ದುರ್ಗಪ್ಪನಿಗೆ ಕೊಟ್ಟಿದ್ದರು. ಅದನ್ನು ಹೇಳಲು ಈಗ ಕೃಷ್ಣಾಜಿಯೂ ಇರಲಿಲ್ಲ, ದುರ್ಗಪ್ಪನೂ ಇರಲಿಲ್ಲ.

ಮರುದಿನ ಅವಳು ಮಂಡಳಿಯ ಮುಂದೆ ನಿಂತಳು. ಬಾಳಕೃಷ್ಣನ ಕಿಸೆಯಲ್ಲಿ ಆ ಪೆನ್ನಿನ ಟೊಪ್ಪಿಗೆ ಹೊಳೆಯುತ್ತಿತ್ತು.

"ಸಾಹೇಬ್ರ, ನನ್ನ ಪೆನ್ನಿನ ನಳಿಗಿ ಸೀಳೈತ್ರಿ. ಇವರ ಪೆನ್ನಿಂದು ಕೂಡತೈತಿ. ಒಂದ ಗಳಿಗಿ ಕೊಡಸ್ರಿ."

ಅಧಿಕಾರಿಗೆ ನಗು ಬಂತು. "ಕೊಡ್ರಿ, ಅದರಾಗೇನ ಹೋಗತೈತಿ."

ಹೆಂಡತಿಗೂ ಮುಟ್ಟಗೊಡದ ಪೆನ್ನು ಅದು. ಇಲ್ಲವೆನ್ನಲಾಗದೆ ಬಾಳಕೃಷ್ಣ ಅದನ್ನು ಮೇಜಿನ ಮೇಲಿಟ್ಟ. ಕೆಂಪವ್ವ ಅದನ್ನು ಬಿಚ್ಚಿ, ಒಳಗಿನ ನಳಿಗೆಯನ್ನು ಹಿಡಿದು ಎಳೆದಳು.

"ಏ, ಎಳೀಬ್ಯಾಡ," ಎಂದು ಬಾಳಕೃಷ್ಣ ಕುರ್ಚಿಯಿಂದ ಅರ್ಧ ಎದ್ದ. "ತಿರುವಿ ತಗಿ. ದುರ್ಗಪ್ಪ ಹಿಂಗ ಎಳದ ಮೊದಲಿಂದು ಮುರದಿದ್ದ, ರಾಶಿ ದಿನ, ಕಣದಾಗ. ಪುಣೇದಿಂದ ಮತ್ತೊಂದು ತರಿಸಿ ಕೊಡಬೇಕಾತು."

ಮಾತು ಮುಗಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು.

"ಯಾವ ಕಣರೀ?" ಎಂದರು ಅಧಿಕಾರಿ. ಅವರ ಮುಖದಲ್ಲಿ ಈಗ ನಗುವಿರಲಿಲ್ಲ.

ಬಾಳಕೃಷ್ಣ ಮರಳಿ ಕುರ್ಚಿಯಲ್ಲಿ ಕೂತ. ಕೆಂಪವ್ವ ಅವನು ಹೇಳಿದಂತೆಯೇ ತಿರುವಿ ತೆಗೆದು, ತನ್ನ ಪೆನ್ನಿಗೆ ಕೂಡಿಸಿದಳು. ಅದು ಕಟ್ಟೆಂದು ಕೂತಿತು. ಎಡಗೈಯಿಂದ ಹೆಸರು ಬರೆದಳು. ಮಂಡಳಿಯ ಕಾರಕೂನ ಅರ್ಜಿಯನ್ನು ಪಕ್ಕದಲ್ಲಿಟ್ಟು ನೋಡಿ ತಲೆಯಾಡಿಸಿದ.

"ನಾ ಕೇಳಾಕ ಹತ್ತೇನಿ. ಯಾವ ಕಣ?" ಎಂದರು ಅಧಿಕಾರಿ ಮತ್ತೆ.

"ನಮ್ಮ ಚಚಡಿ ಹೊಲದಾಗಿಂದು," ಎಂದ ಬಾಳಕೃಷ್ಣ, ಬಿಚ್ಚಿ ಬಿದ್ದಿದ್ದ ತನ್ನ ಪೆನ್ನನ್ನೇ ನೋಡುತ್ತ.

ಕಾರಕೂನ ಅದನ್ನು ಬರೆದುಕೊಂಡ. ಕೆಂಪವ್ವ ನಳಿಗೆಯನ್ನು ಹುಷಾರಾಗಿ ತಿರುವಿ ತೆಗೆದು, ಮಸಿಯ ಕಲೆಯಿದ್ದ ಸೆರಗಿನಿಂದ ಒರೆಸಿ, ಅವನ ಮುಂದಿಟ್ಟಳು.