ಸಾಗವಾನಿಗೆ ಎಣ್ಣೆ ಹಚ್ಚುವವರು

೧

ಈ ಕಥೆಯನ್ನು ಮನೀಷಾಳ ಕಾಲಿನಿಂದ ಶುರು ಮಾಡಬೇಕೋ, ಅವಳ ಗಂಡನ ಬಾಯಿಂದ ಶುರು ಮಾಡಬೇಕೋ ಎಂದು ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತ ಕೂತಿದ್ದೇನೆ. ಕಾಲಿನಿಂದಾದರೆ ಹೀಗೆ: ಹುಮನಾಬಾದಿನ ಶಾಲೆಯಲ್ಲಿ ಪಾಠ ಮುಗಿಸಿ, ಬಸವಕಲ್ಯಾಣದಲ್ಲಿ ಬಸ್ಸಿಳಿದು, ಮನೆ ಮುಂದಿನ ಡೆಕ್ಕಿನ ಮೇಲೆ ಹೆಜ್ಜೆಯಿಟ್ಟ ಮನೀಷಾಳ ಬಲಗಾಲು ಗೆದ್ದಲು ತಿಂದ ಹಲಗೆಯೊಳಗೆ ಮೊಣಕಾಲತನಕ ಇಳಿಯಿತು.

ಬಾಯಿಂದಾದರೆ ಹೀಗೆ: "ನೋಡಿ ನಡೀಲಿಕ್ಕ ಬರಂಗಿಲ್ಲೇನು ನಿನಗ?" ಅಂದ ಅವಳ ಗಂಡ ಸಂಘಪಾಲ.

ಎರಡೂ ಒಂದೇ ಸಂಜೆ ನಡೆದವು. ಎರಡನ್ನೂ ಇಟ್ಟುಕೊಳ್ಳಿ, ನನಗೆ ಆರಿಸಲಾಗಲಿಲ್ಲ.

(ಬಸವಕಲ್ಯಾಣದಲ್ಲಿ ಡೆಕ್ಕೇ ಎಂದು ಹುಬ್ಬೇರಿಸಬೇಡಿ. ಸಂಘಪಾಲ ಕರೆಂಟಿನ ಗುತ್ತಿಗೆದಾರ. ಪುಣೆ ಕಡೆ ಯಾವುದೋ ರಿಸಾರ್ಟಿನ ವೈರಿಂಗ್ ಮಾಡಿಸುವಾಗ ಕಂಡದ್ದನ್ನು ಮನೆ ಮುಂದೆ ಕಟ್ಟಿಸಿದ. ಸೊಂಟದೆತ್ತರದ, ಓಣಿಯ ಮಂದಿಯೆಲ್ಲ ಕೂರುವಷ್ಟು ಅಗಲದ ಹಲಗೆಯ ಜಗಲಿ. ಏಪ್ರಿಲ್ ಹದಿನಾಲ್ಕರ ಜಯಂತಿಯ ದಿನ ಎಲ್ಲರ ಊಟ ಅದರ ಮೇಲೆಯೇ. ಅಗ್ಗದ ಕಟ್ಟಿಗೆ ಹಾಕಿಸಿದ್ದ, ನಮ್ಮ ಕಡೆ ವರ್ಲಿ ಅನ್ನುವ ಗೆದ್ದಲಿಗೂ ಊಟವಾಯಿತು.)

೨

ಇನ್ನು ಪ್ರಶ್ನೆ: ಹೊಸದಾಗಿ ಏನು ಹಾಕಿಸಿದರೆ ಬಾಳಿಕೆ ಬರುತ್ತದೆ?

ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತ ಮನೀಷಾ ಮೊಬೈಲಿನಲ್ಲಿ ಎಲ್ಲ ಹುಡುಕಿ ಇಟ್ಟಿದ್ದಳು. "ಪ್ಲಾಸ್ಟಿಕ್ ಬೆರಸಿದ ಹಲಗಿ ಬಂದಾವ್ರಿ. ಅವಕ ವರ್ಲಿ ಹತ್ತಂಗಿಲ್ಲ, ಎಣ್ಣಿ ಬೇಕಾಗಂಗಿಲ್ಲ. ನೀರು ಹಾಕಿ ಒರಸಿದ್ರ ಮುಗೀತು."

"ಬಿಸಿಲಿಗಿ ಕಾಯ್ತಾವ ಅವು. ಏಪ್ರಿಲ್‌ದಾಗ ಮಂದಿ ಕೂತ್ರ ಹಪ್ಪಳ ಆಗ್ತಾರ."

"ಹಂಗಾರ ಶಹಾಬಾದಿ ಪರಸಿ ಕಲ್ಲು ಹಾಕಸ್ರಿ."

"ಪರಸಿ ಎಲ್ಲಾರ ಮನ್ಯಾಗೂ ಅದ."

ಇಲ್ಲಿ ಮೊದಲು ಒಂದು ಪುಟ ತುಂಬ ಕಲ್ಲು, ಕಟ್ಟಿಗೆ, ಪ್ಲಾಸ್ಟಿಕ್ಕುಗಳ ತುಲನೆ ಬರೆದಿದ್ದೆ. ಓದಿ ನೋಡಿದರೆ ಅಂಗಡಿಯವನ ಕರಪತ್ರದ ಹಾಗಿತ್ತು. ತೆಗೆದುಹಾಕಿದೆ. ಅದೂ ಅಲ್ಲದೆ, ಸಂಘಪಾಲ ಆಗಲೇ ಮನಸ್ಸು ಮಾಡಿಯಾಗಿತ್ತು. ಗಂಡ ಸಲಹೆ ಕೇಳುವುದು ನಿರ್ಧಾರವಾದ ಮೇಲೆಯೇ ಎಂಬುದು ಮನೀಷಾಳಿಗೆ ಮದುವೆಯಾದ ಹೊಸದರಲ್ಲೇ ತಿಳಿದಿತ್ತು.

ಹುಮನಾಬಾದಿನ ಅಜೀತ ಹಳೇ ಕಟ್ಟಿಗೆಯ ವ್ಯಾಪಾರಿ. ಅವನಲ್ಲಿಗೆ ಒಂದು ಕೆಡವಿದ ವಾಡೆಯ ಸಾಗವಾನಿ ಬಂದಿತ್ತು. ವಾಡೆ ಇದ್ದದ್ದು ನಾರಾಯಣಪುರದ ಕಡೆ.

೩

(ಮೂರರಲ್ಲಿ ಆ ವಾಡೆಯ ವರ್ಣನೆ ಇತ್ತು. ವಾರಸುದಾರರು ಕೇಸು ಹಾಕಿಯಾರು ಎಂದು ಹರಿದೆ. ದೊಡ್ಡ ಮನೆ, ಮೇಲೆ ಹಲಗೆ ಹಾಸಿದ ಮಾಳಿಗೆ, ಅದರ ಕೆಳಗೆ ದನದ ಕೊಟ್ಟಿಗೆ. ನಿಮಗೆ ಇಷ್ಟು ಸಾಕು.)

೪

ಅಜೀತನ ಅಡ್ಡೆಗೆ ಸಂಘಪಾಲ ಹೆಂಡತಿಯನ್ನೂ, ತಾಯಿ ಸೋನುಬಾಯಿಯನ್ನೂ ಕಾರಿನಲ್ಲಿ ಕರೆತಂದ. ಸೋನುಬಾಯಿ ನಾರಾಯಣಪುರದ ಹತ್ತಿರದ ಮೋರಖಂಡಿಯವಳು, ವಯಸ್ಸಿದ್ದಾಗ ಅದೇ ವಾಡೆಯ ಕೊಟ್ಟಿಗೆಯಲ್ಲಿ ಸಗಣಿ ಬಳಿದವಳು. ಮಗ ಒಂದು ಮಾತು ಸಿದ್ಧಮಾಡಿಕೊಂಡು ಬಂದಿದ್ದ.

"ಆಯಿ, ಈ ಹಲಗಿ ಮ್ಯಾಲ ಕಾಲಿಡಾಕ ನಿನಗ ಬಿಡತಿದ್ದಿಲ್ಲಲ್ಲ? ಇನ್ನ ಇವು ನಿನ್ನ ಮನಿ ಮುಂದ ಬೀಳತಾವ. ದಿನಾ ತುಳಿ."

ನಿಜ ಹೇಳಬೇಕೆಂದರೆ ಈ ಮಾತು ನನಗೂ ಹಿಡಿಸಿತು. ಕಥೆ ಮುಗಿಯಿತು, ಬಹುಮಾನವೂ ಬಂತು ಅಂದುಕೊಂಡೆ. ಮುದುಕಿಯ ಕಣ್ಣಲ್ಲಿ ಎರಡು ಹನಿ ನೀರು ತರಿಸಲು ಪೆನ್ನು ಎತ್ತಿದ್ದೆ ಕೂಡ.

ಅಷ್ಟರಲ್ಲಿ ಅಜೀತ ಒಂದು ಹಲಗೆ ಮಗುಚಿದ. "ಅಡಿ ಮಗ್ಗಲ ನೋಡ್ರಿ. ಇಷ್ಟು ವರ್ಷಾದ್ರೂ ಒಂದು ವರ್ಲಿ ಮುಟ್ಟಿಲ್ಲ. ಕಟಿಗಿ ಗುಣಾನ ಅಂಥಾದ್ದು."

ಸೋನುಬಾಯಿ ಆ ಅಡಿ ಮಗ್ಗುಲಿನ ಮೇಲೆ ಅಂಗೈ ಇಟ್ಟಳು. "ಕಟಿಗಿ ಗುಣ ಅಲ್ಲಪ. ದೀಪಾವಳಿ ಬರೂದ್ರಾಗ ಕೋಲಿಗಿ ಅರಿವಿ ಸುತ್ತಿ, ಕೆಳಗ ನಿಂತು ಅಗಸಿ ಎಣ್ಣಿ ಹಚ್ಚತಿದ್ದೆ. ಎಣ್ಣಿ ಕಣ್ಣಾಗ ಬೀಳತಿತ್ತು. ಮ್ಯಾಲ ಅವರು ಓಡ್ಯಾಡಿದ್ರ ಧೂಳ ಬೀಳತಿತ್ತು. ವರ್ಷಾ ವರ್ಷಾ ಹಚ್ಚೀನಿ, ಅದಕ ಉಳದಾವ."

"ಹಂಗಾರ ಇನ್ನೂ ಚೊಲೋ ಆತಲ್ರಿ, ನಿಮ್ಮ ಮಾಲು ನಿಮ್ಮ ಮನಿಗೇ ಬಂತು," ಅಂದ ಅಜೀತ. ಈ ಕಥೆಯಲ್ಲಿ ಇವನಿಗೆ ನಾನು ಇನ್ನೊಂದು ಮಾತು ಆಡಲು ಬಿಡುವುದಿಲ್ಲ.

ಸೋನುಬಾಯಿ ಮಗನನ್ನು ಕೇಳಿದಳು. "ಇನ್ನ ಎಣ್ಣಿ ಹಚ್ಚೋರು ಯಾರು?"

"ಮನೀಷಾ ಹಚ್ಚತಾಳ ತಗೋ, ವರ್ಷಕ್ಕೊಮ್ಮಿ. ನನಗೆಲ್ಲಿ ಪುರಸೊತ್ತದ?"

ಮನೀಷಾ ಪಕ್ಕದಲ್ಲೇ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

"ಹಲಗಿ ಜೋಡಿ ನನ್ನ ಕೆಲಸಾನೂ ಖರೀದಿ ಮಾಡಿದಿ," ಅಂದಳು ಸೋನುಬಾಯಿ. "ಅದನ್ನ ಸೊಸಿಗಿ ಕೊಟ್ಟಿ. ನೀ ನಿನ್ನ ಕೈಲೆ ಎಣ್ಣಿ ಹಚ್ಚಿದ ದಿನ ನಾ ಏರತೇನಿ. ಅಲ್ಲೀತನಕ ಏರಂಗಿಲ್ಲ."

೫

ಡೆಕ್ ಆಯಿತು. ಚೆಂದವೂ ಆಯಿತು. ಎಣ್ಣೆಯ ಡಬ್ಬಿ ಮೆಟ್ಟಿಲ ಪಕ್ಕಕ್ಕೆ ಬಂದು ಕೂತಿತು, ಮೇಲೊಂದು ಹಳೇ ಅರಿವೆ. ಸೋನುಬಾಯಿ ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದಳು.

ಸಂಘಪಾಲ ನನ್ನ ಮೇಲೆ ಸಿಟ್ಟಾದ. "ನನ್ನ ಯಾಕ ಕೆಟ್ಟಾಂವನ್ನ ಮಾಡಾಕತ್ತೀರಿ? ಆಯಿಗಿ ಮಾನ ಬರಲಿ ಅಂತ ತಂದೇನ್ರಿ ನಾ."

ಅದು ಸುಳ್ಳಲ್ಲ, ಅದೇ ತೊಂದರೆ. ಇವನು ತಾಯಿಯನ್ನು ಪ್ರೀತಿಸದಿದ್ದರೆ ನನ್ನ ಕೆಲಸ ಎಷ್ಟೋ ಹಗುರವಾಗುತ್ತಿತ್ತು.

"ಹಂಗಾರ ಎಣ್ಣಿ ಹಚ್ಚಿಬಿಡಪ," ಅಂದೆ. "ನಿನ್ನ ಹೀರೋ ಮಾಡ್ತೇನಿ."

"ಕೂಲಿಗಿ ಯಾರನರೆ ಹಚ್ಚತೇನ್ರಿ."

ಒಳಗಿನಿಂದ ಸೋನುಬಾಯಿಯ ದನಿ ಬಂತು. "ಇನ್ನೊಬ್ಬಾಕಿ ಸೋನುಬಾಯಿನ್ನ ಹುಡುಕಿ ತರತಿ, ಅಷ್ಟ."

ಸಂಘಪಾಲನ ಮೊಬೈಲು ಬಡಿದುಕೊಂಡಿತು. ಅದನ್ನು ಕಿವಿಗಿಟ್ಟು ಕಥೆಯಿಂದ ಆಚೆ ನಡೆದ.

೬

ಜಯಂತಿಯ ದಿನ ಓಣಿಯೆಲ್ಲ ಡೆಕ್ಕಿನ ಮೇಲೆ ಊಟಕ್ಕೆ ಕೂತಿತ್ತು. ಸೋನುಬಾಯಿ ಕೆಳಗೆ, ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ತಾಟು ಹಿಡಿದಿದ್ದಳು. ಮೇಲೆ ಬಡಿಸುತ್ತಿದ್ದ ಮನೀಷಾ ಒಮ್ಮೆ ಬಗ್ಗಿ ನೋಡಿದಳು. ಅದೇ ಸಾಗವಾನಿ, ಮೇಲೆ ಅದೇ ಕಾಲುಗಳ ಸದ್ದು, ಕೆಳಗೆ ಅದೇ ಹೆಂಗಸು. ವ್ಯತ್ಯಾಸ ಇಷ್ಟೇ, ಈ ಸಲ ಮೇಲಿರುವವರು ನಮ್ಮವರೇ.

ಪಕ್ಕದ ಮನೆಯ ಕಮಳಾಬಾಯಿ ಮೆಲ್ಲಗೆ ಅಂದಳು, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ. "ಇಷ್ಟು ದೊಡ್ಡದು ಕಟ್ಸ್ಯಾನ, ಹಡದಾಕಿನ್ನ ನೆಲಕ್ಕ ಕುಂದ್ರಸ್ಯಾನ."

ಸಂಘಪಾಲನ ಮುಖ ಕಪ್ಪಿಟ್ಟಿತು. ಇಳಿದು ಬಂದು ತಾಯಿಯ ಹತ್ತಿರ ಕೂತ. "ಆಯಿ, ಮಂದಿ ಹೋಗೂತನಕರೆ ಮ್ಯಾಲ ಬಾ. ಕೈ ಮುಗೀತೇನಿ."

"ಮುಗಿಯೂ ಕೈಲೆ ಅರಿವಿ ಹಿಡಿ," ಅಂದಳು ಸೋನುಬಾಯಿ. ರೊಟ್ಟಿ ಮುರಿದಳು.

೭, ಅಥವಾ ಕೊನೆಗಳು

ಒಂದು ಕೊನೆ: ಸಂಘಪಾಲ ಎಲ್ಲರ ಮುಂದೆ ಅರಿವೆ ಅದ್ದುತ್ತಾನೆ, ಓಣಿ ಚಪ್ಪಾಳೆ ತಟ್ಟುತ್ತದೆ. ಬರೆದು ಮನೀಷಾಳಿಗೆ ತೋರಿಸಿದೆ. "ಹಿಂಗ ನಮ್ಮ ಮನ್ಯಾಗ ಆಗಂಗಿಲ್ರಿ ಸರ್," ಎಂದು ನಕ್ಕಳು. ಆ ನಗು ನನಗೆ ಚೆನ್ನಾಗಿ ಕಾಣಲಿಲ್ಲ.

ಇನ್ನೊಂದು ಕೊನೆ: ಅತ್ತೆ ಏಳುವ ಮೊದಲೇ ಮನೀಷಾ ಎಣ್ಣೆ ಹಚ್ಚಿ, ನಿಮ್ಮ ಮಗ ಹಚ್ಚಿದರು ಎಂದು ಹೇಳುತ್ತಾಳೆ. ಸೋನುಬಾಯಿ ಏರುತ್ತಾಳೆ. ಮನೀಷಾ ಇದನ್ನೂ ಓದಿದಳು. "ಸುಳ್ಳು ಹೇಳಾಕ ನನಗೇನು ಅಡ್ಡಿ ಇಲ್ರಿ. ಆದ್ರ ಅಗಸಿ ಎಣ್ಣಿ ವಾಸನಿ ಸಾಬಾಣ ಹಚ್ಚಿ ತೊಳದ್ರೂ ಹೋಗಂಗಿಲ್ಲ. ಅತ್ತಿ ನನ್ನ ಕೈ ಮೂಸಿ ನೋಡ್ತಾರ."

ಮೂರನೆಯದು: ಯಾರೂ ಹಚ್ಚುವುದಿಲ್ಲ. ಹಲಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಸೀಳುತ್ತದೆ. ಆದರೆ ಸಾಗವಾನಿ ಸಾಯಲು ಬಹಳ ಕಾಲ ಬೇಕು. ಸೋನುಬಾಯಿಗೆ ಅಷ್ಟು ಕಾಲವಿಲ್ಲ. ಈ ಕೊನೆ ಬರೆಯಲು ನನಗೆ ಕೈ ಬರಲಿಲ್ಲ.

ಕಡೆಗೆ ನಾನೇ ಸೋನುಬಾಯಿಯ ಹತ್ತಿರ ಹೋದೆ, ಇನ್ನೂ ಅದೇ ಜಯಂತಿಯ ಊಟ ಮಾಡುತ್ತಿದ್ದಳು. "ಆಯಿ, ಒಂದು ಸಲ ಏರಿಬಿಡು. ಕಥಿ ಮುಗಸಬೇಕು ನಾ."

ಸೋನುಬಾಯಿ ತಲೆಯೆತ್ತಿದಳು. "ನಾ ಎಲ್ಲಿ ಕೂತ್ರ ನಿನ್ನ ಕಥಿ ಚೆಂದ ಕಾಣತದ ಅಂತ ನೀನೂ ನೋಡಾಕತ್ತಿ. ನಿನಗ ಅಷ್ಟು ಕಾಳಜಿ ಇದ್ರ ಡಬ್ಬಿ ಅಲ್ಲೇ ಅದ, ಅರಿವೀನೂ ಅದ. ಮಗ ಹಚ್ಚಲಿಲ್ಲ, ನೀ ಹಚ್ಚು. ಆಗ ಏರತೇನಿ."

ಓದುತ್ತಿರುವವರೇ, ನಾನು ನಿಮ್ಮ ಕಡೆ ತಿರುಗಿದೆ. ನೀವು ಪುಟ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದಿರಿ. ಮನೀಷಾ ಮೆಟ್ಟಿಲ ಮೇಲೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

"ಹಚ್ಚತಿದ್ದೆ ಆಯಿ," ಅಂದೆ. "ಆದ್ರ ಇದೆಲ್ಲಾ ಬರೀಬೇಕಲ್ಲ. ನನಗೆಲ್ಲಿ ಪುರಸೊತ್ತದ?"